ಅಡ್ಡಹೆಸರು ವಂಶಾವಳಿಯಲ್ಲ

ಕಲಬುರಗಿ ನಗರದ ಗಾಜಿಪುರದಂಥ ಹಳೆಯ ಬಡಾವಣೆಯಲ್ಲಿ ಬಾಗಿಲುಗಳ ಮೇಲಿನ ಹೆಸರಿನ ಫಲಕಗಳನ್ನು ಓದುತ್ತ ನಡೆದರೆ, ಹಳೆಯ ಕಂದಾಯ ಕಡತವೊಂದರ ಪುಟಗಳನ್ನು ತಿರುವಿದಂತಾಗುತ್ತದೆ. ಪಾಟೀಲ, ಮಾಲಿಪಾಟೀಲ, ಕುಲಕರ್ಣಿ, ದೇಶಮುಖ, ಇನಾಮದಾರ, ಹಿರೇಮಠ, ಪತ್ತಾರ, ತಳವಾರ ಮುಂತಾದ ಹೆಸರುಗಳು ಈ ಸೀಮೆಯಲ್ಲಿ ಎಲ್ಲೆಡೆಯೂ ಕಾಣುವಂಥವು. ಬಡಾವಣೆಯ ಹೆಸರಿನಲ್ಲಿಯೇ ಅರಬ್ಬಿಯ 'ಗಾಜಿ'ಯೂ ಸಂಸ್ಕೃತದ 'ಪುರ'ವೂ ಜೊತೆಗೂಡಿವೆ. ಈ ಕೂಡಿಕೆಯನ್ನು ಯಾರೂ ವಿಚಿತ್ರವೆಂದು ಎಣಿಸುವುದಿಲ್ಲ. ಆದರೆ ಫಲಕದ ಮೇಲಿನ ಹೆಸರಿನ ವಿಷಯ ಬಂದಾಗ ಅದೇ ಜನ ಬೇರೊಂದು ನಿಯಮವನ್ನು ಅನ್ವಯಿಸುತ್ತಾರೆ. ಹೆಸರಿನಿಂದ ಜಾತಿ, ಜಾತಿಯಿಂದ ಮೂಲಪುರುಷ, ಮೂಲಪುರುಷನಿಂದ ಯಾವುದಾದರೊಂದು ರಾಜವಂಶ ಎಂದು ಏಣಿ ಹತ್ತುತ್ತಾರೆ. ಸಮಾಜಗಳ ಸ್ಮರಣ ಸಂಚಿಕೆಗಳಲ್ಲಿ, ಮನೆತನದ ಚರಿತ್ರೆಯೆಂದು ಅಚ್ಚಾಗುವ ಹೊತ್ತಗೆಗಳಲ್ಲಿ, ಕೆಲವೊಮ್ಮೆ ಸಂಶೋಧನ ಪ್ರಬಂಧಗಳಲ್ಲಿಯೂ ಈ ಏಣಿ ಕಾಣಸಿಗುತ್ತದೆ. ಅದರ ಮೊದಲ ಮೆಟ್ಟಿಲೇ ಮುರಿದಿದೆಯೆಂಬುದನ್ನು ಸ್ಪಷ್ಟವಾಗಿ ಹೇಳುವ ಕಾಲ ಬಂದಿದೆ.

ಪಾಟೀಲ ಎಂಬುದು ಕುಲದ ಹೆಸರಲ್ಲ, ಹುದ್ದೆಯ ಹೆಸರು. ಮಧ್ಯಕಾಲದ ಸಂಸ್ಕೃತ ಶಾಸನಗಳ 'ಪಟ್ಟಕಿಲ'ನೇ ಇವನ ಪೂರ್ವರೂಪ. ಕುಲಕರ್ಣಿಯ ಸಂಗತಿ ಇನ್ನೂ ಸ್ವಾರಸ್ಯಕರ. ಈ ಪದದಲ್ಲಿ ವಂಶವನ್ನು ಹುಡುಕುವವರಿಗೆ ಸಿಗುವುದು 'ಕುಲ'ವಲ್ಲ, 'ಕುಳ'. ಎಂದರೆ ಕಂದಾಯ ಕಟ್ಟುವ ರೈತ ಮತ್ತು ಅವನ ಹಿಡುವಳಿ. 'ಕುಳವಾರು' ಎಂಬ ಲೆಕ್ಕದ ಮಾತಿನಲ್ಲಿ ಈ ಅರ್ಥ ಇಂದಿಗೂ ಉಳಿದಿದೆ. ಕುಳಗಳ ಲೆಕ್ಕ ಬರೆಯುವ ಕರಣಿಕನೇ ಕುಲಕರ್ಣಿ. ದೇಶಮುಖ, ದೇಶಪಾಂಡೆ, ನಾಡಗೌಡ, ನಾಡಕರ್ಣಿಗಳು ಇದೇ ವ್ಯವಸ್ಥೆಯ ಮೇಲಿನ ಹಂತದವರು. ಒಂದು ಹಳ್ಳಿಯ ಬದಲು ಒಂದು ನಾಡಿನ ಹೊಣೆ ಹೊತ್ತವರು, ಅಷ್ಟೇ.

ಒಂದೇ ಹುದ್ದೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಸಮುದಾಯಗಳ ಕೈಯಲ್ಲಿತ್ತು. ಇದೇ ಜಿಲ್ಲೆಯ ಚಿಂಚೋಳಿಯಿಂದ ಬಂದು ಎರಡು ಬಾರಿ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಲಿಂಗಾಯತರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ ಪಾಟೀಲರು ಜೈನರು. ಮರಾಠಾ ಪಾಟೀಲರಿದ್ದಾರೆ, ಮುಸ್ಲಿಂ ಪಾಟೀಲರಿದ್ದಾರೆ. ಕರಾವಳಿ ಮತ್ತು ಮಲೆನಾಡಿನ ಕಡೆಗೆ ನೋಡಿದರೆ 'ಹೆಗಡೆ' ಇದಕ್ಕೆ ಇನ್ನೂ ಒಳ್ಳೆಯ ನಿದರ್ಶನ. ಶಾಸನಗಳ 'ಪೆರ್ಗಡೆ' ಒಬ್ಬ ಅಧಿಕಾರಿ. ಅವನ ಹೆಸರು ಇಂದು ಧರ್ಮಸ್ಥಳದ ಜೈನ ಹೆಗ್ಗಡೆಯವರಲ್ಲಿ, ರಾಮಕೃಷ್ಣ ಹೆಗಡೆಯವರಂಥ ಹವ್ಯಕರಲ್ಲಿ, ಕೆ.ಎಸ್. ಹೆಗ್ಡೆಯವರಂಥ ಬಂಟರಲ್ಲಿ ಹರಡಿಕೊಂಡಿದೆ. ಈ ಮೂವರಿಗೂ ಒಬ್ಬ ಮೂಲಪುರುಷನನ್ನು ಕಲ್ಪಿಸುವ ಸಾಹಸವನ್ನು ಯಾರೂ ಮಾಡಲಾರರು. ಆದರೆ ಅಷ್ಟೇ ಅಸಾಧ್ಯವಾದ ಕಲ್ಪನೆಯನ್ನು ಪಾಟೀಲರ ವಿಷಯದಲ್ಲಿ ನಿರಾತಂಕವಾಗಿ ಮಾಡಲಾಗುತ್ತಿದೆ.

ಕಲಬುರಗಿ ಸೀಮೆಯ ಎರಡು ಅಡ್ಡಹೆಸರುಗಳು ಈ ವಾದಕ್ಕೆ ನೇರ ಸಾಕ್ಷಿ ನುಡಿಯುತ್ತವೆ. ಒಂದು ಮಾಲಿಪಾಟೀಲ, ಇನ್ನೊಂದು ಪೊಲೀಸ ಪಾಟೀಲ. ಮಾಲಿಪಾಟೀಲರ ಪೂರ್ವಜರು ತೋಟ ಮಾಡುತ್ತಿದ್ದ ಮಾಲಿಗಳೆಂದು ಹೇಳುವವರಿದ್ದಾರೆ. ಕಮಲಾಪುರದ ಕೆಂಪು ಬಾಳೆಯ ತೋಟಗಳನ್ನು ಕಂಡವರಿಗೆ ಈ ವಿವರಣೆ ಸೊಗಸಾಗಿಯೇ ತೋರಬಹುದು. ಆದರೆ ಇಲ್ಲಿಯ 'ಮಾಲಿ' ತೋಟಗಾರನಲ್ಲ. 'ಮಾಲ್' ಎಂಬ ಅರಬ್ಬಿ ಪದ ಪಾರಸಿಯ ಮೂಲಕ ಆಡಳಿತ ಭಾಷೆಗೆ ಬಂದು ಕಂದಾಯವೆಂಬ ಅರ್ಥದಲ್ಲಿ ನಿಂತಿತು. ನಿಜಾಮರ ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ಕಂದಾಯ ವಸೂಲಿಯ ಪಾಟೀಲನೊಬ್ಬ, ಕಾವಲು ಮತ್ತು ಅಪರಾಧಗಳ ಪಾಟೀಲನೊಬ್ಬ, ಲೆಕ್ಕ ಬರೆಯುವ ಪಟವಾರಿಯೊಬ್ಬ ಇರುತ್ತಿದ್ದರು. ಮೊದಲನೆಯವನು ಮಾಲಿಪಾಟೀಲ, ಎರಡನೆಯವನು ಪೊಲೀಸ ಪಾಟೀಲ. 'ಪೊಲೀಸ' ಎಂಬ ಪದ ಇಂಗ್ಲಿಷಿನದು. ಮೊದಲನೆಯ ಸಾಲಾರ್ ಜಂಗನು 1853ರಿಂದ 1883ರವರೆಗೆ ದಿವಾನನಾಗಿದ್ದು, ಬ್ರಿಟಿಷ್ ಮಾದರಿಯನ್ನು ನೋಡಿ ಜಿಲ್ಲೆ, ತಾಲೂಕು, ಇಲಾಖೆಗಳನ್ನು ರೂಪಿಸಿದ ಕಾಲಕ್ಕಿಂತ ಮೊದಲು ಇಲ್ಲಿಯ ಹಳ್ಳಿಯಲ್ಲಿ ಈ ಹೆಸರು ಹುಟ್ಟುವುದು ಸಾಧ್ಯವೇ ಇರಲಿಲ್ಲ. ಎಂದರೆ ಪೊಲೀಸ ಪಾಟೀಲ ಎಂಬ ಅಡ್ಡಹೆಸರಿನ ಆಯುಸ್ಸು ಹೆಚ್ಚೆಂದರೆ ನೂರೈವತ್ತು, ನೂರೆಪ್ಪತ್ತು ವರ್ಷ. ಮನೆತನ ಅದಕ್ಕಿಂತ ಹಳೆಯದಿರಬಹುದು, ಇಲ್ಲದಿರಬಹುದು. ಅದನ್ನು ಹೇಳುವ ಶಕ್ತಿ ಆ ಹೆಸರಿಗಿಲ್ಲ. ಇಂಗ್ಲಿಷ್ ಪದವನ್ನು ಹೊತ್ತ ಹೆಸರಿನ ಬಲದಿಂದ ಚಾಲುಕ್ಯರ ಕಾಲಕ್ಕೆ ಏರುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಅಡ್ಡಹೆಸರು ಹೇಳುವುದು ಪೂರ್ವಜರು ಯಾರೆಂಬುದನ್ನಲ್ಲ, ಅವರನ್ನು ಯಾರು, ಯಾವಾಗ, ಯಾವ ಕಾರಣಕ್ಕಾಗಿ ಬರೆದುಕೊಂಡರು ಎಂಬುದನ್ನು. ತುರ್ಕಿಯಲ್ಲಿ 1934ರ ಕಾನೂನು ಪ್ರತಿಯೊಂದು ಕುಟುಂಬವೂ ಅಡ್ಡಹೆಸರು ಹೊಂದಬೇಕೆಂದು ವಿಧಿಸಿತು. ಕಲಬುರಗಿ ಸೀಮೆಗೆ ಅಂಥ ಕಾನೂನು ಬರಲಿಲ್ಲ. ಆ ಕೆಲಸವನ್ನು ಪಟವಾರಿಯ ದಫ್ತರವೂ ಶಾಲೆಯ ದಾಖಲಾತಿ ಪುಸ್ತಕವೂ ಸದ್ದಿಲ್ಲದೆ ಮಾಡಿ ಮುಗಿಸಿದವು. ಹಳ್ಳಿಯ ಲೆಕ್ಕ ಬಹುಕಾಲ ಮೋಡಿ ಲಿಪಿಯಲ್ಲಿತ್ತು. ಸಂಸ್ಥಾನದ ಮೇಲಿನ ಕಚೇರಿಗಳಲ್ಲಿ ಮೊದಲು ಪಾರಸಿ, 1880ರ ದಶಕದಿಂದ ಉರ್ದು ನಡೆಯಿತು. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಕನ್ನಡದ ಹೆಸರು ಆ ಲಿಪಿಯನ್ನು ಹೊಕ್ಕು ಮತ್ತೆ ಕನ್ನಡಕ್ಕೋ ಇಂಗ್ಲಿಷಿಗೋ ಬರುವಷ್ಟರಲ್ಲಿ ಅದರ ಸ್ವರಗಳು ಬರೆದವನ ಊಹೆಗೆ ಬಿಟ್ಟ ವಿಷಯವಾಗಿರುತ್ತಿದ್ದವು. ಊರಿನ ಹೆಸರೇ ಕಲಬುರಗಿಯಿಂದ ಗುಲ್ಬರ್ಗಾ ಆಗಿ, 2014ರ ನವೆಂಬರ್ 1ರಂದು ಅಧಿಕೃತವಾಗಿ ಮರಳಿ ಕಲಬುರಗಿಯಾಗಬೇಕಾಯಿತು. ಊರಿಗೆ ಸರಕಾರವಿತ್ತು, ಚಳವಳಿಯಿತ್ತು. ಕಡತದಲ್ಲಿ ತಪ್ಪಾಗಿ ಬರೆಯಲ್ಪಟ್ಟ ಬಡವನ ಅಡ್ಡಹೆಸರಿಗೆ ಅವೆರಡೂ ಇರಲಿಲ್ಲ. ಅವನ ಮಕ್ಕಳು ಆ ತಪ್ಪನ್ನೇ ಮನೆತನವೆಂದು ಹೊತ್ತು ನಡೆದರು.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಹಳೆಯ ಮೈಸೂರಿನ ಕಡೆ ಅಡ್ಡಹೆಸರಿನ ವಾಡಿಕೆಯಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ನಿಲ್ಲುತ್ತವೆ. ಅಲ್ಲಿಂದ ಪರದೇಶಕ್ಕೆ ಹೋದವರ ಪಾಸ್‌ಪೋರ್ಟಿನಲ್ಲಿ ಖಾಲಿ ಉಳಿದ ಅಂಕಣವನ್ನು ತುಂಬಲು ತಂದೆಯ ಸ್ವಂತ ಹೆಸರು ಬಂದು ಕುಳಿತುಕೊಳ್ಳುತ್ತದೆ. ಮೊಮ್ಮಕ್ಕಳ ಹೊತ್ತಿಗೆ ಅದೇ ಮನೆತನದ ಹೆಸರಾಗುತ್ತದೆ. ಒಂದು ಅರ್ಜಿಯ ಅಂಕಣ ಒಂದು ಮನೆತನವನ್ನು ಹುಟ್ಟಿಸಬಲ್ಲದಾದರೆ, ನಿಜಾಮನ ಕಡತವೂ ಹುಟ್ಟಿಸಿರಬಹುದೆಂದು ಒಪ್ಪುವುದಕ್ಕೆ ಸಂಕೋಚವೇಕೆ?

ಊರ ಹೆಸರಿನಿಂದ ಬಂದ ಅಡ್ಡಹೆಸರುಗಳನ್ನು ತಪ್ಪಾಗಿ ಓದುವುದು ಇನ್ನೂ ಸುಲಭ. ಇಂಥ ಹೆಸರು ಒಬ್ಬನು ಆ ಊರಿನವನೆಂದು ಸಾರುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ನಿಜದಲ್ಲಿ ಅದು ಆ ಊರನ್ನು ಬಿಟ್ಟುಬಂದದ್ದರ ಗುರುತು. ಕಮಲಾಪುರದಲ್ಲಿಯೇ ಉಳಿದವನನ್ನು ಕಮಲಾಪುರದವನೆಂದು ಕರೆದು ಯಾರಿಗೇನು ಪ್ರಯೋಜನ? ಅಲ್ಲಿ ಎಲ್ಲರೂ ಕಮಲಾಪುರದವರೇ. ಬೇರೆ ಊರಿಗೆ ಹೋದಾಗಲೇ ಅವನು ಅಲ್ಲಿಯವರ ಬಾಯಲ್ಲಿ ಕಮಲಾಪುರಕರನಾಗುತ್ತಾನೆ. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ ಧಾರವಾಡದಲ್ಲಿ ಬಾಳಿದ ಎಂ.ಎಂ. ಕಲಬುರ್ಗಿಯವರ ಹೆಸರಿನಲ್ಲಿ ಈ ಊರು ಉಳಿದುಕೊಂಡದ್ದು ಇಂಥ ಸ್ಥಳಾಂತರಗಳ ಕಡೆಗೆ ಬೆರಳು ಮಾಡುತ್ತದೆ. ಮಲ್ಲಿಕಾರ್ಜುನ ಮನಸೂರರಿಗೆ ಮನಸೂರು ಅಂಟಿಕೊಂಡದ್ದು ಸಂಗೀತ ಅವರನ್ನು ಆ ಹಳ್ಳಿಯ ಹೊರಗೆ ಒಯ್ದುದರಿಂದ. ಕನ್ನಡದ ಪದ್ಧತಿಯಲ್ಲಿ ಊರ ಹೆಸರು ಇದ್ದಂತೆಯೇ ನಿಲ್ಲುತ್ತದೆ, ಮರಾಠಿಯಲ್ಲಿ 'ಕರ' ಎಂಬ ಪ್ರತ್ಯಯ ಸೇರುತ್ತದೆ. ಆಳಂದದ ಗಡಿಯಲ್ಲಿ ಎರಡೂ ಪದ್ಧತಿಗಳು ಒಟ್ಟಿಗೆ ನಡೆಯುತ್ತವೆ. ಆದ್ದರಿಂದ 'ಕರ' ಕಂಡೊಡನೆ ಕುಟುಂಬವನ್ನು ಮರಾಠಿ ಮೂಲದ್ದೆಂದು ತೀರ್ಮಾನಿಸುವುದು ಅವಸರದ ಮಾತು. ಬರೆದುಕೊಂಡ ಗುಮಾಸ್ತನು ಮರಾಠಿಯವನಾಗಿದ್ದನೆಂಬುದಷ್ಟೇ ಅದರ ಅರ್ಥವಾಗಿರಲೂಬಹುದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಚರ್ಚೆ ಹೊರಗಿನದಲ್ಲ. ಕವಿಗಳ ಮತ, ಜಾತಿ, ಊರುಗಳನ್ನು ಹೆಸರಿನ ಧ್ವನಿಯಿಂದ ನಿರ್ಣಯಿಸುವ ಚಾಳಿ ಸಾಹಿತ್ಯಚರಿತ್ರೆಯಲ್ಲಿ ಬೇರೂರಿದೆ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ದೂರದ ಮಳಖೇಡ, ಅಂದಿನ ಮಾನ್ಯಖೇಟ, ಇದಕ್ಕೆ ಒಳ್ಳೆಯ ಪರೀಕ್ಷಾಸ್ಥಳ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಅಲ್ಲಿದ್ದ ಅಪಭ್ರಂಶ ಮಹಾಕವಿ ಪುಷ್ಪದಂತನು 965ರಲ್ಲಿ ತನ್ನ ಮಹಾಪುರಾಣವನ್ನು ಮುಗಿಸಿದನು. ಪುಷ್ಪದಂತ ಎಂಬುದು ಒಂಬತ್ತನೆಯ ತೀರ್ಥಂಕರನ ಹೆಸರು, ಷಟ್ಖಂಡಾಗಮದ ಆಚಾರ್ಯರೊಬ್ಬರ ಹೆಸರು, ಶಿವಗಣದಲ್ಲೊಬ್ಬನ ಹೆಸರೂ ಹೌದು. ಹೆಸರನ್ನಷ್ಟೇ ಹಿಡಿದು ಹೊರಟವನು ಈ ಕವಿಯನ್ನು ಶೈವನೆಂದೂ ಹೇಳಬಹುದು, ಜೈನನೆಂದೂ ಹೇಳಬಹುದು. ತನ್ನ ತಂದೆತಾಯಿಗಳು ಮೊದಲು ಶೈವರಾಗಿದ್ದು ಅನಂತರ ಜೈನಧರ್ಮವನ್ನು ಹಿಡಿದರೆಂಬುದನ್ನು ಕವಿಯೇ ತಿಳಿಸಿರುವುದರಿಂದ ನಮಗೆ ನಿಜ ಗೊತ್ತಾಗಿದೆ. ಎರಡು ಊಹೆಗಳಲ್ಲಿಯೂ ಒಂದಿಷ್ಟು ಸತ್ಯವಿತ್ತು, ಎರಡೂ ತಪ್ಪಾಗಿದ್ದವು.

ಇನ್ನೂ ಎಚ್ಚರಿಸುವ ಸಂಗತಿ ಪಂಪ ಮತ್ತು ರನ್ನರದು. ಕುರ್ಕ್ಯಾಲದ ಶಾಸನ ಪಂಪನ ತಮ್ಮನನ್ನು ಜಿನವಲ್ಲಭನೆಂದೂ ತಾಯಿಯನ್ನು ಅಬ್ಬಣಬ್ಬೆಯೆಂದೂ ಕರೆಯುತ್ತದೆ. ರನ್ನನ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಕಾವ್ಯಗಳೂ ಶಾಸನವೂ ನಷ್ಟವಾಗಿ ಈ ಹೆಸರುಗಳಷ್ಟೇ ಉಳಿದಿದ್ದರೆ, ಹೆಸರಿನಿಂದ ಚರಿತ್ರೆ ಕಟ್ಟುವವರು ಇವರಿಬ್ಬರನ್ನೂ ಒಂದೇ ಮನೆಗೆ ಸೇರಿಸಿಬಿಡುತ್ತಿದ್ದರು. ಒಬ್ಬನು ವೆಂಗಿ ನಾಡಿನ ವತ್ಸಗೋತ್ರದ ಬ್ರಾಹ್ಮಣ ಮೂಲದಿಂದ ಬಂದ ಜೈನ, ಇನ್ನೊಬ್ಬನು ಮುಧೋಳದ ಬಳೆಗಾರರ ಮನೆಯವನು. ರನ್ನನ ಹೆಸರಿನ ಮುಂದೆ 'ಬಳೆಗಾರ' ಎಂದಿಲ್ಲ. ಕವಿಚಕ್ರವರ್ತಿಯಾದವನು ತನ್ನ ಕುಲದ ಕಸುಬನ್ನು ಮರೆಮಾಡದೆ ಹೇಳಿದ್ದರಿಂದಲೇ ಅದು ಉಳಿದಿದೆ.

ಜೈನ ಮುನಿಗಳ ಹೆಸರುಗಳಲ್ಲಿ ಒಂದು ಬಗೆಯ ಅಡ್ಡಹೆಸರಿನ ವ್ಯವಸ್ಥೆ ಇತ್ತು. ಅದು ರಕ್ತಸಂಬಂಧದ್ದಲ್ಲ. ಅಮೋಘವರ್ಷನ ಗುರು ಜಿನಸೇನ, ಜಿನಸೇನನ ಗುರು ವೀರಸೇನ. ಇವರ ಹೆಸರಿನ ಕೊನೆಯ 'ಸೇನ' ತಂದೆಯಿಂದ ಮಗನಿಗೆ ಬಂದದ್ದಲ್ಲ, ಗುರುವಿನಿಂದ ಶಿಷ್ಯನಿಗೆ ಸೇನಾನ್ವಯದ ಮೂಲಕ ಬಂದದ್ದು. ಸಂಘ, ಗಣ, ಗಚ್ಛ, ಅನ್ವಯಗಳಿಂದ ಮುನಿಯ ಗುರುತು ನಿಶ್ಚಯವಾಗುತ್ತಿತ್ತು. ಹುಟ್ಟಿದ ಮನೆಯ ಹೆಸರು ದೀಕ್ಷೆಯೊಂದಿಗೆ ಅಳಿದುಹೋಗುತ್ತಿತ್ತು. ಹಾಗಿದ್ದರೂ ಬಂಗಾಳವನ್ನಾಳಿದ, ಕರ್ಣಾಟ ಮೂಲದವರೆಂದು ಹೇಳಿಕೊಂಡ ಸೇನ ಅರಸರಿಗೂ ಧಾರವಾಡ ಸೀಮೆಯ ಸೇನಾನ್ವಯದ ಜೈನಾಚಾರ್ಯರಿಗೂ ನಂಟು ಇದ್ದೀತೇ ಎಂದು ಊಹಿಸಿದ ಇತಿಹಾಸಕಾರರಿದ್ದಾರೆ. ಗುರುಪರಂಪರೆಯ ಪ್ರತ್ಯಯವನ್ನು ರಾಜವಂಶದ ಬೀಜವೆಂದು ಭಾವಿಸಿದರೆ ಊಹೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದೇ ಅಳತೆ.

ಇಲ್ಲಿಯೇ ಇನ್ನೊಂದು ಮಾತನ್ನು ಸೇರಿಸಬೇಕು. 1007ರ ಲಕ್ಕುಂಡಿಯ ಶಾಸನದಿಂದಲೂ ರನ್ನನ ಕಾವ್ಯದಿಂದಲೂ ಅತ್ತಿಮಬ್ಬೆಯ ತಂದೆ, ಗಂಡ, ಮಗ, ಜೊತೆಯಲ್ಲಿ ಬಾಳಿದ ತಂಗಿ ಗುಂಡಮಬ್ಬೆ ಎಲ್ಲರೂ ತಿಳಿಯುತ್ತಾರೆ. ಅವಳ ಹೆಸರು ಯಾರ ಹೆಸರಿನ ಬಾಲವೂ ಆಗಿರಲಿಲ್ಲ. ಇಂದಿನ ಅಡ್ಡಹೆಸರಿನ ಚರಿತ್ರೆಯಲ್ಲಿ ತಾಯಿಯ ಕಡೆಯ ಇಡೀ ಸಂತತಿ ಕಾಣೆಯಾಗಿರುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ವ್ಯಕ್ತಿಗೆ ಲೆಕ್ಕದ ಪ್ರಕಾರ 1024 ಪೂರ್ವಜರು. ಅಡ್ಡಹೆಸರು ತಂದೆಯ ಸಾಲಿನಲ್ಲಿ ಒಮ್ಮೆಯೂ ಬದಲಾಗಿಲ್ಲವೆಂದು ಒಪ್ಪಿಕೊಂಡರೂ ಅವರಲ್ಲಿ ಅದು ಸೂಚಿಸುವುದು ಒಬ್ಬನನ್ನು. ಉಳಿದ 1023 ಜನರನ್ನು ಬಿಟ್ಟು ಬರೆದದ್ದನ್ನು ಮನೆತನದ ಇತಿಹಾಸವೆಂದು ಕರೆಯುವ ಧೈರ್ಯ ದೊಡ್ಡದು.

ಪದಗಳು ತಮ್ಮ ಅರ್ಥವನ್ನು ಹೇಗೆ ಬದಲಿಸುತ್ತವೆಂಬುದಕ್ಕೆ ಹಡಪದ ಅಪ್ಪಣ್ಣನ ಹೆಸರು ಸಾಕು. ಹಡಪವೆಂದರೆ ಎಲೆಯಡಿಕೆಯ ಚೀಲ. ಅದನ್ನು ಹಿಡಿದು ಬಸವಣ್ಣನ ಆಪ್ತನಾಗಿದ್ದ ಶರಣನ ಹೆಸರಿನಲ್ಲಿ ಅದು ಒಬ್ಬನ ಕಾಯಕ. ಇಂದು ಹಡಪದ ಎಂಬುದು ಕ್ಷೌರಿಕ ವೃತ್ತಿಯ ಒಂದು ಸಮುದಾಯದ ಹೆಸರು. ಒಬ್ಬನ ಕಾಯಕ ಒಂದು ಜಾತಿಯಾಗುವ ಹೊತ್ತಿಗೆ ಚೀಲವೂ ಇರಲಿಲ್ಲ, ಎಲೆಯಡಿಕೆಯೂ ಇರಲಿಲ್ಲ.

'ತಳವಾರ'ನ ಪ್ರಯಾಣ ಇದಕ್ಕಿಂತ ದೀರ್ಘ, ಇಂದಿನ ಬದುಕಿಗೆ ಇದಕ್ಕಿಂತ ಹತ್ತಿರ. ಅರ್ಧಮಾಗಧಿಯ ಜೈನ ಆಗಮಗಳಲ್ಲಿ ರಾಜಸಭೆಯ ಗಣ್ಯರನ್ನು ಎಣಿಸುವ ಪಟ್ಟಿಯೊಂದು ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಶ್ರೇಷ್ಠಿ, ಸೇನಾಪತಿ, ಸಾರ್ಥವಾಹರ ಜೊತೆಗೆ 'ತಲವರ'ನೂ ಇದ್ದಾನೆ. ಮೂರನೆಯ ಶತಮಾನದ ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ 'ಮಹಾತಲವರ'ರು ರಾಜಮನೆತನದೊಡನೆ ಹೆಣ್ಣು ಕೊಟ್ಟು ತಂದುಕೊಂಡ ದೊಡ್ಡ ಅಧಿಕಾರಿಗಳು. ಕನ್ನಡ ಶಾಸನಗಳ 'ತಳಾರ' ಊರ ಕಾವಲಿನ ಅಧಿಕಾರಿ. ಹತ್ತೊಂಬತ್ತನೆಯ ಶತಮಾನದ ಹಳ್ಳಿಗೆ ಬರುವಷ್ಟರಲ್ಲಿ ತಳವಾರನು ಗೌಡನ ಕೈಕೆಳಗಿನ ಕಾವಲುಗಾರನಾಗಿದ್ದಾನೆ. ಈ ಚಾಕರಿ ಒಂದೂರಿನಲ್ಲಿ ಬೇಡರ ಮನೆಯಲ್ಲಿತ್ತು, ಇನ್ನೊಂದೂರಿನಲ್ಲಿ ಕಬ್ಬಲಿಗರ ಮನೆಯಲ್ಲಿತ್ತು, ಮತ್ತೊಂದೂರಿನಲ್ಲಿ ಬೇರೆಯವರಲ್ಲಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಇಂಥ ಹುದ್ದೆಗಳನ್ನೆಲ್ಲ ತೆಗೆದುಹಾಕಿತು. ಹುದ್ದೆ ಹೋಯಿತು, ಹೆಸರು ಉಳಿಯಿತು.

2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಸಮುದಾಯದ ನಮೂದಿಗೆ ಪರಿವಾರ ಮತ್ತು ತಳವಾರ ಎಂಬ ಹೆಸರುಗಳನ್ನು ಸೇರಿಸಿತು. ಆಗ ಕಲಬುರಗಿ, ವಿಜಯಪುರದಂಥ ಜಿಲ್ಲೆಗಳಲ್ಲಿ ಅಡ್ಡಹೆಸರು ಒಮ್ಮೆಲೆ ಪ್ರಮಾಣಪತ್ರದ ಪ್ರಶ್ನೆಯಾಯಿತು. ಪಟ್ಟಿಯಲ್ಲಿ ಹೇಳಿದ ತಳವಾರ ಯಾರು? ಒಂದು ಸಮುದಾಯವೇ, ಅಥವಾ ಈ ಹೆಸರನ್ನು ಹೊತ್ತ ಎಲ್ಲರೂ ಸೇರಿದರೇ? ಎರಡೂ ಕಡೆಯವರು ಹೆಸರನ್ನೇ ಪುರಾವೆಯೆಂದು ಮುಂದಿಟ್ಟರು. ಹೆಸರಿದೆ, ಆದ್ದರಿಂದ ಕೊಡಿರಿ ಎಂದವರಿದ್ದರು. ಅದು ಬರಿಯ ಹುದ್ದೆಯ ಹೆಸರು, ಆದ್ದರಿಂದ ಯಾರಿಗೂ ಕೊಡಬೇಡಿರಿ ಎಂದವರೂ ಇದ್ದರು. ಎರಡು ವಾದಗಳೂ ಒಂದೇ ದೋಷದಿಂದ ಕೂಡಿವೆ. ತಳವಾರನೆಂಬ ಅಡ್ಡಹೆಸರಿನ ಕುಟುಂಬ ಆ ಸಮುದಾಯಕ್ಕೆ ಸೇರದಿರಬಹುದು. ಆ ಸಮುದಾಯದ ಕುಟುಂಬಕ್ಕೆ ಶಾಲೆಯ ಪುಸ್ತಕದಲ್ಲಿ ಬೇರೆಯೇ ಅಡ್ಡಹೆಸರು ಬಿದ್ದಿರಬಹುದು. ಕುಟುಂಬದ ನಂಟಸ್ತಿಕೆ, ಆಚರಣೆ, ಹಳೆಯ ದಾಖಲೆ, ಊರಿನ ನೆನಪು ಇವುಗಳನ್ನು ಪರಿಶೀಲಿಸುವ ಶ್ರಮವನ್ನು ತಪ್ಪಿಸಿಕೊಳ್ಳಲು ಹೆಸರನ್ನು ಅಳತೆಗೋಲು ಮಾಡಿಕೊಂಡರೆ, ಒಬ್ಬ ವಿದ್ಯಾರ್ಥಿಯ ಸೀಟು, ಒಬ್ಬ ನೌಕರನ ಕೆಲಸ ಅದರ ಬೆಲೆಯಾಗುತ್ತದೆ. ಸ್ಮರಣ ಸಂಚಿಕೆಯಲ್ಲಿ ನಗು ತರಿಸುವ ತಪ್ಪು ಇಲ್ಲಿ ಅನ್ಯಾಯವಾಗುತ್ತದೆ.

ಹೆಸರನ್ನು ಬಿಟ್ಟುಬಿಡುವವರ ಪ್ರಶ್ನೆಯೂ ಇದರೊಡನೆಯೇ ಬರುತ್ತದೆ. ಜನಗಣತಿಯ ಹೊತ್ತಿಗೆ, ತಮ್ಮ ಸಂಖ್ಯೆ ಸರಿಯಾಗಿ ದಾಖಲಾಗಲೆಂದು, ಎಲ್ಲರೂ ಹೆಸರಿನ ಮುಂದೆ 'ಜೈನ್' ಎಂದೇ ಬರೆಸಬೇಕೆಂಬ ಕರೆ ಸಮಾಜದಲ್ಲಿ ಕೇಳಿಬರುತ್ತದೆ. ಧರ್ಮದ ಅಂಕಣದಲ್ಲಿ ಹಾಗೆ ಬರೆಸುವುದು ಸರಿಯೇ. ಅಡ್ಡಹೆಸರಿನ ಜಾಗದಲ್ಲಿ ಅದನ್ನು ಕೂರಿಸುವುದು ಬೇರೆ ಮಾತು. ಕಂಚು ಹಿತ್ತಾಳೆಯ ಪಾತ್ರೆಗಳ ವ್ಯಾಪಾರವನ್ನು ಹೇಳುವ ಬೋಗಾರ, ಬಸದಿಯ ಪೂಜೆಯನ್ನು ಹೇಳುವ ಉಪಾಧ್ಯೆ, ಪಾಟೀಲನ ಸಹಾಯಕನನ್ನು ಹೇಳುವ ಚೌಗುಲೆ, ಅರಬ್ಬಿಯ 'ಮಖ್ದೂಮ್' ಎಂಬ ಗೌರವಪದವನ್ನು ಜೈನ ಮನೆಗಳಲ್ಲಿ ಉಳಿಸಿದ ಮಗದುಮ್ಮ, ಇವೆಲ್ಲ ಸೇರಿಯೇ ಈ ನಾಡಿನ ಜೈನರು ಯಾರೊಡನೆ ಹೇಗೆ ಬಾಳಿದರೆಂಬುದನ್ನು ತಿಳಿಸುವುದು. ಒಂದೇ ಪದದಿಂದ ಅವೆಲ್ಲವನ್ನೂ ಒರೆಸಿದರೆ ಎಣಿಕೆ ಸುಲಭವಾಗುತ್ತದೆ, ಚರಿತ್ರೆ ಬಡವಾಗುತ್ತದೆ.

ಆದರೆ ಇದೇ ಮಾತನ್ನು ಊರ ಹೊರಗೆ ಇರಿಸಲ್ಪಟ್ಟವರ ಮುಂದೆ ಹೇಳುವ ಹಕ್ಕು ಯಾವ ಇತಿಹಾಸಕಾರನಿಗೂ ಇಲ್ಲ. ಹಾಜರಿ ಕೂಗುವಾಗ ಪ್ರತಿದಿನ ಅವಮಾನ ತರುವ ಹೆಸರನ್ನು ಸಂಶೋಧಕರ ಅನುಕೂಲಕ್ಕಾಗಿ ಹೊತ್ತುಕೊಂಡಿರಿ ಎನ್ನುವುದು ಕ್ರೌರ್ಯ. 1929ರಲ್ಲಿ ಚೆಂಗಲ್ಪಟ್ಟಿನ ಸ್ವಾಭಿಮಾನ ಸಮ್ಮೇಳನದಲ್ಲಿ ಜಾತಿಸೂಚಕ ಹೆಸರುಗಳನ್ನು ತೊರೆಯುವ ನಿರ್ಣಯವಾದಾಗ ತಮಿಳರ ಇತಿಹಾಸವೇನೂ ಅಳಿದುಹೋಗಲಿಲ್ಲ. ಹೆಸರು ಬಿಡುವುದು ಅದನ್ನು ಹೊತ್ತವರ ಹಕ್ಕು. ಹಳೆಯ ದಾಖಲೆಯನ್ನು ಕಾಯುವುದು ವಿದ್ವಾಂಸರ ಕೆಲಸ. ಈ ಎರಡನೆಯ ಕೆಲಸ ಎಷ್ಟು ನಡೆದಿದೆ? ಮೋಡಿಯನ್ನು ಸರಾಗವಾಗಿ ಓದಬಲ್ಲವರು ಕೈಬೆರಳಲ್ಲಿ ಎಣಿಸುವಷ್ಟಾಗುತ್ತಿದ್ದಾರೆ. ಸೇತವಾರ, ಖಾಸರಾ ಪಹಣಿಗಳ ಉರ್ದು ಬರವಣಿಗೆಯನ್ನು ಓದಿ ಹೇಳಬಲ್ಲವರನ್ನು ಜಮೀನಿನ ವ್ಯಾಜ್ಯವಿರುವವರು ಹುಡುಕಿಕೊಂಡು ಹೋಗುತ್ತಾರೆ, ಕನ್ನಡ ಎಂ.ಎ. ವಿದ್ಯಾರ್ಥಿಗಳು ಹೋಗುವುದಿಲ್ಲ. ಅಡ್ಡಹೆಸರುಗಳ ಮೇಲೆ ಪ್ರಬಂಧ ಬರೆಯುವವರು ನಿಘಂಟನ್ನು ತೆರೆಯುತ್ತಾರೆ, ತಹಸೀಲು ಕಚೇರಿಯ ದಾಖಲೆಕೋಣೆಯನ್ನು ತೆರೆಸುವುದಿಲ್ಲ.

ಚಿತ್ತಾಪುರ ತಾಲೂಕಿನ ಶಂಕರವಾಡಿಯಲ್ಲಿ ಹುಟ್ಟಿ ಬಂಡಾಯದ ಕವಿಯಾಗಿ, ಗುಲ್ಬರ್ಗಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಬಾಳಿದ ಚೆನ್ನಣ್ಣ ವಾಲೀಕಾರರು ತಮ್ಮ ಅಡ್ಡಹೆಸರನ್ನು ಬಿಡಲಿಲ್ಲ. ವಾಲೀಕಾರನೆಂದರೆ ಓಲೆ ಹೊರುವವನು, ಪಾಟೀಲನ ಚಾವಡಿಯಿಂದ ಕಾಗದವನ್ನು ಹೊತ್ತು ಊರಿಂದೂರಿಗೆ ನಡೆಯುತ್ತಿದ್ದ ಗ್ರಾಮಚಾಕರ. ಆ ಕಾಗದವನ್ನು ಓದುವ ಅವಕಾಶ ಅವನಿಗಿರಲಿಲ್ಲ. ಗ್ರಂಥಾಲಯಗಳ ಸೂಚಿಯಲ್ಲಿ ಇಂದು ಈ ಕವಿಯ ಪುಸ್ತಕಗಳನ್ನು ಹುಡುಕಬೇಕಾದದ್ದು ಅದೇ ಹೆಸರಿನ ಕೆಳಗೆ.